ಮೂಗಿನ ಕಡ್ಡಿ ಹೊತ್ತ ನೀಲಿ ಡಬ್ಬಿ

"ತಿಳಿದ ದಿನ ನಾನ ಬಂದು ಹೇಳ್ತೀನಿ. ಫೋನ್ ಮಾಡೂದಿಲ್ಲ, ಬಂದು ಹೇಳ್ತೀನಿ."

ಪ್ರಯೋಗಾಲಯದ ವಿಶಾಲಾಕ್ಷಿ ಮೇಡಂ ಈ ಮಾತು ಕೊಟ್ಟಾಗ ನಾನು ಮಕ್ಕಳ ವಾರ್ಡಿನಲ್ಲಿ ಮಂಚದ ಕೆಳಗಿದ್ದೆ. ಕಂಡದ್ದು ಮೇಡಂ ಅವರ ಸವೆದ ಚಪ್ಪಲಿ ಮತ್ತು ಎದುರಿಗೆ ಗಂಗವ್ವನ ಬರಿಗಾಲು, ಅಷ್ಟೇ.

ನಾನು ಒಂದು ನೀಲಿ ಡಬ್ಬಿ. ಐಸ್ ತುಂಬಿ ಲಸಿಕೆ ಒಯ್ಯಲೆಂದು ಕಾರ್ಖಾನೆಯಲ್ಲಿ ನನ್ನನ್ನು ಅಚ್ಚು ಹಾಕಿದರು. ಒಡಹುಟ್ಟಿದವರೆಲ್ಲ ಆಶಾ ಕಾರ್ಯಕರ್ತೆಯರ ಹೆಗಲೇರಿ ಊರೂರು ತಿರುಗಿದರು. ನಾನು ಪ್ರಯೋಗಾಲಯಕ್ಕೆ ಬಂದೆ. ಬಂದ ದಿನವೇ ಯಾರೋ ನನ್ನ ಮೈಮೇಲೆ ಕಪ್ಪು ಅಕ್ಷರದಲ್ಲಿ 'ಲಸಿಕೆಗೆ ಅಲ್ಲ' ಎಂದು ಬರೆದರು. ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈಕಾಲಿನ ಬಲ ಹೋದರೆ ಪೋಲಿಯೋ ಅನುಮಾನ ಬರುತ್ತದೆ. ಆಗ ಆ ಮಗುವಿನ ಮಲವನ್ನು ಐಸಿನಲ್ಲಿಟ್ಟು ಪರೀಕ್ಷೆಗೆ ತರಬೇಕು. ಅದೇ ನನ್ನ ಕೆಲಸ. ಅಂಥ ಡಬ್ಬಿಯಲ್ಲಿ ಮತ್ತೆ ಲಸಿಕೆ ಇಡುವಂತಿಲ್ಲ.

ನನ್ನನ್ನು ಹೊರುತ್ತಿದ್ದವನು ಲ್ಯಾಬಿನ ಜವಾನ ಮೌಲಾಸಾಬ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಐಸ್ ಕ್ಯಾಂಡಿ ಐತೇನ್ರಿ ಎಂದು ಯಾರಾದರೂ ಕೇಳಿದರೆ, ಐತಿ, ಆದ್ರ ನಿಮಗ ಹಿಡಸೂದಿಲ್ಲ ಅನ್ನುತ್ತಿದ್ದ.

ಬೆಟಗೇರಿಯ ಸ್ಫೂರ್ತಿ ಆ ಮಂಚದ ಮೇಲಿದ್ದ ಹುಡುಗಿ. ನಾಲ್ಕು ವರ್ಷ. ತಾಯಿ ಗಂಗವ್ವ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಮಗುವಿಗೆ ನೆಗಡಿ ಬಂತು, ಉಬ್ಬಸ ಬಂತು, ಅದು ಇಳಿಯುವಷ್ಟರಲ್ಲಿ ಒಂದು ಬೆಳಗ್ಗೆ ಹಾಲಿನ ಲೋಟ ಹಿಡಿಯಲು ಬಲಗೈ ಏಳಲಿಲ್ಲ. ನೆಗಡಿಗೆ ಮುಂಚೆ ಗಂಗವ್ವ ಅವಳಿಗೆ ಐಸ್ ಕ್ಯಾಂಡಿ ಕೊಡಿಸಿದ್ದಳು. ಅದರಿಂದಲೇ ಕೈ ಹೋಯಿತೆಂದು ಅತ್ತೆ ಕಲ್ಲವ್ವ ವಾರ್ಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಗಂಗವ್ವ ಎದುರು ಮಾತಾಡುತ್ತಿರಲಿಲ್ಲ. ಅವಳಿಗೂ ಹಾಗೇ ಅನ್ನಿಸಿತ್ತು.

ಮಲದ ಜೊತೆ ಮೂಗಿನ ದ್ರವವನ್ನೂ ತೆಗೆಯಬೇಕೆಂದು ಮೇಡಂ ಹಟ ಹಿಡಿದರು. ವಾರ್ಡಿನ ಡಾಕ್ಟರು ನಕ್ಕರು. "ಬಿದ್ದಿದ್ದು ಕೈ ರೀ ಮೇಡಂ, ಮೂಗಲ್ಲ."

"ಮೊದಲ ಬಂದಿದ್ದು ನೆಗಡಿ ಅಲ್ಲೇನ್ರಿ," ಅಂದರು ಮೇಡಂ.

ಗಂಗವ್ವ ಮಗಳ ತಲೆ ಹಿಡಿದುಕೊಂಡಳು. ಕಡ್ಡಿ ಮೂಗಿನೊಳಗೆ ಹೋಗಿ ಬಂತು. ಅದನ್ನು ಟ್ಯೂಬಿಗೆ ಹಾಕಿ ಮುಚ್ಚುವಾಗ ಅವಳು ಮೆಲ್ಲಗೆ ಕೇಳಿದಳು, "ಇದ್ರಾಗ ತಿಳಿತೈತೇನ್ರಿ, ನನ್ನ ತಪ್ಪೋ ಅಲ್ಲೋ ಅಂತ?"

ಆಗ ಮೇಡಂ ಕೊಟ್ಟ ಮಾತು ಅದು.

ಮಲದ ಪರೀಕ್ಷೆಯಲ್ಲಿ ಪೋಲಿಯೋ ಇಲ್ಲ ಎಂದು ಬಂತು. ಉಳಿದವರಿಗೆ ಅಲ್ಲಿಗೆ ಕೆಲಸ ಮುಗಿಯಿತು. ಮೂಗಿನ ಟ್ಯೂಬಿನಲ್ಲಿ ಆಗ ಪರೀಕ್ಷಿಸಬಹುದಾಗಿದ್ದ ಯಾವ ವೈರಸ್ಸಿನ ಗುರುತೂ ಸಿಗಲಿಲ್ಲ. ಮೇಡಂ ಅದನ್ನು ಫ್ರೀಜರಿನ ತಳಕ್ಕೆ ಸೇರಿಸಿದರು. ಫ್ರೀಜರ್ ತೊಳೆಯುವಾಗಲೆಲ್ಲ ಹೊಸ ಹುಡುಗಿಯರು ಅದನ್ನು ಎಸೆಯಲು ಹೊರಡುತ್ತಿದ್ದರು. "ಅದನ್ನ ಬಿಡ್ರಿ," ಅನ್ನುತ್ತಿದ್ದರು ಮೇಡಂ, "ಅದಕ್ಕ ಮನಿಯವರು ಕಾಯಾಕತ್ತಾರ." ಒಮ್ಮೆ ಫ್ರೀಜರೇ ಕೆಟ್ಟಾಗ ಟ್ಯೂಬು ನನ್ನ ಹೊಟ್ಟೆಯಲ್ಲಿ ಕೂತು ಬೇರೆ ಕಟ್ಟಡಕ್ಕೆ ಹೋಯಿತು. ಆ ದಾರಿಯಲ್ಲಿ ನಾನು ಒಂದು ಹನಿ ತಂಪನ್ನೂ ಹೊರಗೆ ಬಿಡಲಿಲ್ಲ.

ವರ್ಷಗಳು ಹೋದವು. ಮೌಲಾಸಾಬನಿಗೆ ನಿವೃತ್ತಿಯಾಯಿತು. ನನ್ನ ಮುಚ್ಚಳದ ಕೊಂಡಿ ಮುರಿದು, ಸುತ್ತ ಹುರಿ ಕಟ್ಟಿದರು. ಒಂದು ಮಳೆಗಾಲ ಅದೇ ಬಗೆಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲು ನೆಗಡಿ, ಆಮೇಲೆ ಸೋತ ಕೈ. ಅಷ್ಟರಲ್ಲಿ ಹೊಸ ಪರೀಕ್ಷೆ ಬಂದಿತ್ತು. ಎಲ್ಲರೂ ಹುಡುಕಿದ ಮಲದಲ್ಲಿ ಏನೂ ಇರಲಿಲ್ಲ. ಮೂಗಿನಲ್ಲಿ ಇತ್ತು, ಎಂಟೆರೋವೈರಸ್ ಡಿ-೬೮. ಕೊನೆಗೆ ಮೇಡಂ ಆ ಹಳೆಯ ಟ್ಯೂಬನ್ನೂ ತೆಗೆದರು. ಅದರಲ್ಲೂ ಇತ್ತು.

ಬೆಟಗೇರಿಯಲ್ಲೇ ಇನ್ನೊಂದು ಮಗುವಿನ ಮಾದರಿ ತರುವುದಿತ್ತು. ಆ ದಿನ ಮೇಡಂ ನನ್ನನ್ನು ತಾವೇ ಹೊತ್ತು, ಮೊದಲು ಗಂಗವ್ವನ ಮನೆಗೆ ಹೋದರು. ಹೊಸ್ತಿಲ ಬಳಿ ನನ್ನನ್ನು ಇಟ್ಟರು. ಬಾಗಿಲು ತೆಗೆದದ್ದು ಉದ್ದ ಲಂಗದ ಹುಡುಗಿ, ಎಡಗೈಯಿಂದ. ಬಲಗೈ ತೆಳ್ಳಗೆ ಪಕ್ಕದಲ್ಲಿ ತೂಗುತ್ತಿತ್ತು.

"ಗಂಗವ್ವ, ಅವತ್ತ ಇಕಿ ಮೂಗಿನಾಗ ಒಂದು ವೈರಸ್ ಇತ್ತು," ಅಂದರು ಮೇಡಂ. "ನೆಗಡಿ ತಂದದ್ದೂ ಅದ, ಬೆನ್ನುಹುರಿಗೆ ಇಳಿದು ಕೈ ಕೆಡಿಸಿದ್ದೂ ಅದ. ಯಾರ ಮನಿಗೆ ಬೇಕಾದ್ರೂ ಬರ್ತಿತ್ತು."

ಅದಕ್ಕೆ ಇನ್ನೂ ಔಷಧವಿಲ್ಲ, ಕೈ ಮೊದಲಿನಂತೆ ಆಗುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಗಂಗವ್ವ ನನ್ನ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತಳು.

"ಐಸ್ ಕ್ಯಾಂಡಿ ಅಲ್ಲ?"

"ಅಲ್ಲವ್ವಾ."

ಅವಳು ಇನ್ನೊಮ್ಮೆ ಕೇಳಿದಳು. ಮೇಡಂ ಇನ್ನೊಮ್ಮೆ ಹೇಳಿದರು. ಒಳಗೆ ಕಲ್ಲವ್ವ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ವರ್ಷ ಆ ಮನೆಯ ಹೊಸ್ತಿಲು ದಾಟಿ ಐಸ್ ಕ್ಯಾಂಡಿ ಬಂದಿರಲಿಲ್ಲ. ಮುದುಕಿ ಯಾರ ಮುಖವನ್ನೂ ನೋಡದೆ ಮೊಮ್ಮಗಳಿಗೆ ಹೇಳಿದಳು.

"ಹೋಗವಾ, ಕ್ಯಾಂಡಿ ಗಾಡಿ ಬಂದೈತೇನ್ ನೋಡು. ನಿಮ್ಮವ್ವಗೂ ಒಂದು ತಾ."

ಅದೇ ನನ್ನ ಕೊನೆಯ ತಿರುಗಾಟ. ಈಗ ಮುಚ್ಚಳವೂ ಇಲ್ಲದೆ ಸಾಮಾನಿನ ಕೋಣೆಯ ಮೂಲೆಯಲ್ಲಿದ್ದೇನೆ. ನನ್ನೊಳಗೆ ಹಳೆಯ ಪೊರಕೆಗಳಿವೆ. ಈ ವೈರಸ್ಸಿಗೆ ಮುಂದೊಂದು ದಿನ ಲಸಿಕೆ ಬಂದರೆ ಅದನ್ನು ಹೊರುವುದು ನಾನಲ್ಲ, ನನ್ನ ತಮ್ಮಂದಿರಲ್ಲಿ ಯಾರೋ ಒಬ್ಬ. ಹೊರಲಿ, ಅವನ ಮೈಮೇಲೆ ಯಾರೂ ಏನೂ ಬರೆಯದಿರಲಿ.

ಮೇಡಂ ಬಂದು ಹೇಳುತ್ತೇನೆ ಎಂದಿದ್ದರು. ಬಂದು ಹೇಳಿದರು.