ಭಂಡಾರ ಮುಟ್ಟಿದ ಕೈಗಳು

ಅರ್ಚನಾಳ ಎರಡೂ ಭುಜಗಳ ಮೇಲೆ ಔಷಧ ಹೊಡೆಯುವ ಪಂಪಿನ ಪಟ್ಟಿ ಉಜ್ಜಿ ಚರ್ಮ ಕರಿಗಟ್ಟಿದೆ. ಹದಿನಾರು ಲೀಟರಿನ ಡಬ್ಬಿ ಬೆನ್ನಿಗೆ ಹೊತ್ತು ಕಬ್ಬಿನ ಸಾಲುಗಳಲ್ಲಿ ದಿನಕ್ಕೆ ಇಪ್ಪತ್ತು ಸಲ ಓಡಾಡಿದರೆ ಇನ್ನೇನಾಗುತ್ತದೆ? ಸಂಜೆ ಮನೆಗೆ ಬಂದರೆ ಔಷಧದ ವಾಸನೆಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಣ್ಣುರಿ, ತಲೆನೋವು. ಡಾಕ್ಟರು ಈ ಕೆಲಸ ಬಿಡು ಎನ್ನುತ್ತಾರೆ. ಬಿಟ್ಟರೆ ಪಗಾರ ಅವರು ಕೊಡುತ್ತಾರೆಯೇ?

ಇಂಥ ಅರ್ಚನಾಳ ಹೆಸರಿನಲ್ಲಿ ಡ್ರೋನ್ ಹಾರಿಸುವ ಲೈಸೆನ್ಸ್ ಇದೆ ಎಂದರೆ ನೀವು ನಗಬಹುದು. ನಗಬೇಡಿ. ಅದರ ಅರ್ಜಿ ಬರೆದವಳು ನಾನೇ. ನಾನು ರಾಜೇಶ್ವರಿ. ಮಮದಾಪುರದಲ್ಲಿ ನಮ್ಮದೊಂದು ಹನ್ನೆರಡು ಹೆಂಗಸರ ಸಂಘ, ಅದರ ಲೆಕ್ಕದ ಪುಸ್ತಕ ಬರೆಯುವವಳು. ಅರ್ಚನಾಳೂ ಅದೇ ಸಂಘದವಳು.

ಮಹಿಳಾ ಸಂಘಗಳಿಗೆ ಔಷಧ ಹೊಡೆಯುವ ಡ್ರೋನ್ ಬರುತ್ತದೆ, ಬಹುಪಾಲು ದುಡ್ಡು ಸರ್ಕಾರವೇ ಕೊಡುತ್ತದೆ ಎಂಬ ಸುದ್ದಿ ತಂದವನು ಗೊಬ್ಬರದಂಗಡಿಯ ಶಿವಪುತ್ರ. ಊರಿನ ಅರ್ಧ ಕಬ್ಬು ಅವನದೇ, ಅರ್ಚನಾ ಪಂಪು ಹೊರುವುದೂ ಅವನ ಹೊಲದಲ್ಲೇ. ಮಾತು ಮಾತ್ರ ಬೆಲ್ಲ.

"ನಿಮ್ಮ ಪಾಲಿನ ರೊಕ್ಕಾ ನಾ ತುಂಬತೀನಿ. ಗೋಕಾಕದಾಗಿನ ಓಡಾಟಾನೂ ನಂದ. ನೀವು ಬರೇ ಸಹಿ ಮಾಡ್ರಿ" ಎಂದ.

"ಇದರಾಗ ನಿಮಗೇನ್ರಿ ಲಾಭ?" ಸಂಘದ ಪಾರವ್ವ ಕೇಳಿದಳು. ಅವಳಿಗೆ ಕೇಳದೆ ಇದ್ದರೆ ಉಂಡದ್ದು ಅರಗುವುದಿಲ್ಲ.

"ಒಂದ ಸುಗ್ಗಿತನಾ ಮಶೀನ ನನ್ನ ಗೋದಾಮಿನ್ಯಾಗ ಇರಲಿ. ನಮ್ಮ ಅರ್ಚನಾನ ಹಾರಸ್ತಾಳ, ದಿನಾ ಪಗಾರ ಕೊಡ್ತೀನಿ. ಆಮ್ಯಾಲ ನಿಮ್ಮದು ನಿಮಗ. ಆದ್ರ ಅಲ್ಲೀತನಾ ಮಶೀನ ನನ್ನ ಕಡೆ ಐತಿ ಅಂತ ಯಾರ ಮುಂದೂ ಬಾಯಿ ಬಿಡಬಾರದು."

ಯಂತ್ರವನ್ನು ಸಂಘ ಇನ್ನೊಬ್ಬರ ಕೈಗೆ ಒಪ್ಪಿಸುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಕಾಗದ ಬರೆಸಿಕೊಂಡರೆ ಅವನೇ ಸಿಕ್ಕಿಬೀಳುತ್ತಿದ್ದ. ನಮ್ಮನ್ನು ಕಟ್ಟಿಹಾಕುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುರಿ ಕಾಯುವವರ ದೇವರು ಬೀರದೇವರ ಗುಡಿಯಿಂದ ಒಂದು ತಾಟಿನ ತುಂಬ ಭಂಡಾರ ತಂದು ನಮ್ಮ ನಡುವೆ ಇಟ್ಟ.

ದೇವರ ಆ ಅರಿಶಿನ ಪುಡಿಯನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. ಮುರಿದರೆ ಕುರಿಹಿಂಡಿಗೆ ಬೇನೆ ಬರುತ್ತದೆ, ಮನೆ ಮಕ್ಕಳಿಗೆ ಕೇಡಾಗುತ್ತದೆ ಎಂಬ ನಂಬಿಕೆ. ಮೊದಲು ಮುಟ್ಟಿದವಳು ಸಂಘದ ಅಧ್ಯಕ್ಷೆ ಲಗಮವ್ವ. ಅವಳ ಗಂಡ ಮಾಲಿಂಗಪ್ಪನಿಗೆ ಅರವತ್ತು ಕುರಿ, ಅವರ ಬದುಕೆಲ್ಲ ಅದೇ. ಅವಳ ಹಿಂದೆ ನಾವೂ ಒಬ್ಬೊಬ್ಬರಾಗಿ ಮುಟ್ಟಿದೆವು. ಲಿಂಗ ಕಟ್ಟಿದ ಪಾರವ್ವನೂ ಮುಟ್ಟಿದಳು. ಓದಿದವಳು ನಾನು, ನಾನೂ ಮುಟ್ಟಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅರ್ಚನಾ ಹದಿನೈದು ದಿನ ತರಬೇತಿಗೆ ಹೋಗಿ ಬಂದಳು. ಗೋಕಾಕದ ಸಮಾರಂಭಕ್ಕೆ ಹನ್ನೆರಡೂ ಜನ ಒಂದೇ ಬಣ್ಣದ ಸೀರೆ ಉಟ್ಟು ಹೋದೆವು. ಫೋಟೋ ತೆಗೆದರು. ಫೋಟೋ ಮುಗಿದದ್ದೇ ತಡ, ಯಂತ್ರ ಶಿವಪುತ್ರನ ಗಾಡಿ ಏರಿ ಮೂಡಲಗಿ ರಸ್ತೆಯ ಅವನ ಗೋದಾಮಿಗೆ ಹೋಯಿತು. ನಾವು ಬಸ್ಸಿನಲ್ಲಿ ಊರಿಗೆ ಬಂದೆವು.

ಮರುದಿನ ಅರ್ಚನಾ ಗೋದಾಮಿಗೆ ಹೋದಳು. ಶಿವಪುತ್ರ ತಲೆ ಎತ್ತಲೇ ಇಲ್ಲ.

"ಹೆಣ್ಮಕ್ಕಳ ಕೈಯಾಗ ಕೊಟ್ಟರ ಕೆಡವತಾರ. ದಡ್ಡಿ ಊರಿಂದ ಒಬ್ಬಾವನ್ನ ಕರಸೇನಿ. ನೀ ಪಂಪ್ ತಗೊಂಡ ಹೊಲಕ್ಕ ನಡಿ."

ಅವಳು ಪಂಪು ಹೊತ್ತಳು. ಈ ಹೊಲದಲ್ಲಿ ಅವಳು ಕೆಸರಲ್ಲಿ ಕಾಲು ಕೀಳುತ್ತ ಔಷಧ ಹೊಡೆಯುತ್ತಿದ್ದರೆ, ಆಚೆ ಹೊಲದ ಮೇಲೆ ಅವಳ ಹೆಸರಿನ ಡ್ರೋನ್ ಹಾರುತ್ತಿತ್ತು. ಹಳ್ಳಿ ಹಳ್ಳಿಗೆ ಬಾಡಿಗೆಗೂ ಹೋಗುತ್ತಿತ್ತು. ಡ್ರೋನ್ ಹಾರಿಸಲು ಕೊಡುತ್ತೇನೆಂದ ಪಗಾರ ಒಂದು ದಿನವೂ ಅವಳ ಕೈ ಸೇರಲಿಲ್ಲ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಬಿಟ್ಟರೆ ಮನೆಯ ತಗಡು ಹಾರಿಸಿಕೊಂಡು ಹೋಗುತ್ತದೆ. ಅಂಥ ಗಾಳಿಯಲ್ಲಿ ದಡ್ಡಿಯವನು ಶಿವಪುತ್ರನ ಕಬ್ಬಿಗೆ ಡ್ರೋನಿನಿಂದ ಕಳೆನಾಶಕ ಹೊಡೆದ. ಗಾಳಿ ಅದನ್ನೆಲ್ಲ ಬಾಜೂ ಹೊಲದ ಮುರಿಗೆಪ್ಪನ ಸೋಯಾಬೀನ್ ಮೇಲೆ ಚೆಲ್ಲಿತು. ನಾಲ್ಕೇ ದಿನ. ಎರಡು ಎಕರೆ ಬೆಳೆಯ ಎಲೆಯೆಲ್ಲ ಮುದುರಿ, ಕಾಂಡ ಸೊಟ್ಟಗಾಗಿ ನೆಲಕ್ಕೆ ಬಾಗಿತು.

ಮುರಿಗೆಪ್ಪ ಕಿತ್ತ ಗಿಡ ಹಿಡಿದು ಲಗಮವ್ವನ ಬಾಗಿಲಿಗೆ ಬಂದ. ನಾನೂ ಅಲ್ಲೇ ಇದ್ದೆ.

"ಯವ್ವಾ, ನಿಮ್ಮ ಮಶೀನ ನನ್ನ ಹೊಟ್ಟಿ ಮ್ಯಾಲ ಹೊಡೀತು. ನಾ ನಿಮಗೇನ್ ಮಾಡಿದ್ನಿ?"

ಲಗಮವ್ವ ನೆಲ ನೋಡಿದಳು. ನಾನೂ ನೆಲ ನೋಡಿದೆ.

"ನಿಮ್ಮ ಬಾಯಿ ಬಿದ್ದಾವೇನು?" ಎಂದು ಮುರಿಗೆಪ್ಪ ಗಿಡವನ್ನು ಅಲ್ಲೇ ಇಟ್ಟು ಹೋದ. ಅವನು ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ವಾರದೊಳಗೆ ತಾಲೂಕಿನಿಂದ ಸಾಹೇಬರು ಪಂಚನಾಮೆಗೆ ಬಂದರು. ಹೊಲದ ಬದುವಿನಲ್ಲಿ ಅವರಿಗೆ ಶಿವಪುತ್ರನೇ ಕುರ್ಚಿ ಹಾಕಿಸಿದ್ದ, ಚಹಾ ತರಿಸಿದ್ದ. ನಮ್ಮನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು.

"ಯಾರವಾ ಅರ್ಚನಾ? ಗಾಳಿಯಾಗ ಹಾರಸಬಾರದಂತ ನಿನಗ ಕಲಿಸಿಲ್ಲೇನು?"

"ಕಲಿಸ್ಯಾರ್ರಿ" ಎಂದಳು ಅರ್ಚನಾ. ಮುಂದೆ ಹೇಳಲಾಗದೆ ತುಟಿ ಕಚ್ಚಿಕೊಂಡಳು.

"ಲೈಸೆನ್ಸ್ ರದ್ದಾಗ್ತೈತಿ. ಮಶೀನ ವಾಪಸ್. ಬೆಳಿ ನುಕಸಾನಿ ಸಂಘ ತುಂಬಬೇಕು. ಇಲ್ಲಂದ್ರ ಈ ಹುಡುಗಿ ಮ್ಯಾಲ ಕೇಸ್" ಎಂದು ಸಾಹೇಬರು ಬರೆಯತೊಡಗಿದರು.

ಶಿವಪುತ್ರ ಕೈ ಮುಗಿದ. "ಸಾಹೇಬ್ರ, ಪಾಪ, ಬಡವ್ರು. ತಿಳೀದ ಮಾಡ್ಯಾರ. ಸ್ವಲ್ಪ ನೋಡಿ ಬರೀರಿ."

ಆ ಕರುಣೆ ನೋಡಿ ನನ್ನ ಮೈ ಉರಿಯಿತು. ಅಷ್ಟರಲ್ಲಿ ಲಗಮವ್ವ ಸಾಲು ಬಿಟ್ಟು ಮುಂದೆ ಬಂದಳು.

"ಸಾಹೇಬ್ರ, ಆ ಮಶೀನ ನಮ್ಮ ಕೈಯಾಗ ಒಂದ ದಿನಾನೂ ಇದ್ದಿಲ್ಲ. ಇವರ ಗೋದಾಮಿನ್ಯಾಗ ಐತಿ. ಹಾರಸಿದಾವ ಇವರ ಆಳು."

ಶಿವಪುತ್ರನ ಮುಗಿದ ಕೈ ಕೆಳಗಿಳಿಯಿತು. "ಲಗಮವ್ವಾ, ಭಂಡಾರ ಮುಟ್ಟೀದಿ. ಮನ್ಯಾಗ ಕುರಿ ಅದಾವ, ಮಮ್ಮಕ್ಕಳದಾರ. ನೆನಪೈತಿಲ್ಲೋ?"

"ಐತ್ರಿ. ಅದಕ್ಕ ಇಷ್ಟ ದಿನಾ ಬಾಯಿ ಮುಚ್ಚಿದ್ನಿ. ಈ ಹುಡುಗಿ ಜೇಲಿಗೆ ಹೋಗೂದ ನೋಡಕೋತ ಸುಮ್ಮ ನಿಂದ್ರಾಕ ನನಗ ಆಗೂದಿಲ್ಲ. ಮಾತ ತಪ್ಪಿದಾಕಿ ನಾ. ಶಿಕ್ಷಾ ನನಗ ಆಗಲಿ."

ಪಾರವ್ವನೂ ಮುಂದೆ ಬಂದಳು.

"ನಾನೂ ಮುಟ್ಟೇನ್ರಿ. ಆಕಿ ಹೇಳಿದ್ದು ಖರೆ. ಆ ಪಾಪದಾಗ ನನಗೂ ಒಂದ ಪಾಲ ಇರಲಿ."

"ನನಗೂ ಇರಲಿ" ಎಂದೆ ನಾನು. ನನ್ನ ಹಿಂದೆ ಶೈಲಾ, ಅವಳ ಹಿಂದೆ ಇನ್ನೊಬ್ಬಳು. ಹನ್ನೆರಡೂ ಜನ ಹೇಳಿದೆವು. ಒಬ್ಬಳ ತಲೆಯ ಮೇಲೆ ಬೀಳಬೇಕಾದದ್ದನ್ನು ಹಂಚಿಕೊಂಡಾಗ ನನಗೆ ಅಳು ಬಂತು.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಕಾಗದದಾಗ ನಿಮ್ಮ ಹೆಸರೈತಿ. ಬಾಯಿ ಮಾತ ನಡಿಯೂದಿಲ್ಲ."

"ಬಾಯಿ ಮಾತ ಬ್ಯಾಡ್ರಿ" ಎಂದಳು ಅರ್ಚನಾ. "ಯಾವ ದಿನಾ ಎಲ್ಲಿಂದ ಎದ್ದೈತಿ, ಎಲ್ಲಿ ಇಳದೈತಿ, ಎಲ್ಲಾ ಮಶೀನಿನ್ಯಾಗ ಉಳದಿರತೈತಿ. ಗೋದಾಮ ತಗಸ್ರಿ. ನಾನ ತೆರದ ತೋರಸ್ತೀನಿ."

"ನಾಳೆ ನೋಡೋಣು."

"ನಾಳೆ ಅಂದ್ರ ಅದು ಅಲ್ಲಿ ಇರೂದಿಲ್ರಿ."

ಬೆಳೆ ಕಳೆದುಕೊಂಡ ಮುರಿಗೆಪ್ಪ ಸಾಹೇಬರ ಮುಂದೆ ಬಂದು ಹೇಳಿದ, "ಇವರು ಹೇಳಿದ್ದು ಬರಿಯೋತನಾ ಪಂಚನಾಮೆಗೆ ನಂದ ಸಹಿ ಇಲ್ರಿ."

ಬರೆಯುವುದನ್ನು ನಾಳೆಗೆ ಬಿಟ್ಟು ಸಾಹೇಬರು ಜೀಪು ಹತ್ತಿದರು. ಗೋದಾಮಿನ ಕೀಲಿ ಹುಕ್ಕೇರಿಗೆ ಹೋದ ಆಳಿನ ಕಿಸೆಯಲ್ಲಿದೆ ಎಂದ ಶಿವಪುತ್ರ. ನಾವು ಯಾರನ್ನೂ ಕೇಳಲಿಲ್ಲ. ಹನ್ನೆರಡೂ ಜನ ನಡೆದು ಹೋಗಿ, ಯಂತ್ರ ಹೊರಗೆ ಸಾಗದಂತೆ ಗೋದಾಮಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆವು. ಮುರಿಗೆಪ್ಪ ತನ್ನ ಮನೆಯಿಂದ ರೊಟ್ಟಿ ಬುತ್ತಿ ತಂದುಕೊಟ್ಟ.

ಹೊತ್ತಿಳಿಯುವಾಗ ಮಾಲಿಂಗಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ. ಸುದ್ದಿ ಅವನಿಗೆ ಮುಟ್ಟಿತ್ತು.

"ಎಂಥಾ ಕೆಲಸಾ ಮಾಡಿದಿ? ಹಿಂಡಿಗೆ ಏನರ ಆದ್ರ ಹೆಂಗ?"

ಲಗಮವ್ವ ಒಂದೊಂದೇ ಕುರಿಯನ್ನು ನೋಡಿದಳು. ಅವಳಿಗೂ ಹೆದರಿಕೆಯಿತ್ತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಆದ್ರ ಆಗಲಿ" ಎಂದಳು. "ನೀ ಅವನ್ನ ಮನಿಗಿ ಹೊಡಕೊಂಡ ನಡಿ. ಈ ಬಾಗಲಾ ತೆರಿಯೋತನಾ ನಾ ಏಳೂದಿಲ್ಲ."