ಗಾಜಿನ ಸಾಮಾನಿನ ಗಾಡಿ

"ಗಾಡಿ ಮುಟ್ಟುದ್ರೆ ಕೈ ಮುರ್ದಾಕ್ತೀನಿ ಬೋಳಿಮಗ್ನೆ. ಅದು ಗಾಜಿನ ಸಾಮಾನಿಗೆ ಕಣ್ಲಾ, ಕಬ್ಬಿಣಕ್ಕಲ್ಲ."

ಸಾಹುಕಾರ ವೃಷಭೇಂದ್ರಪ್ಪ ಹೀಗೆ ಬೈದದ್ದು ನಮ್ಮ ಅಡವಯ್ಯನನ್ನು. ಮಧುಗಿರಿಯ ಮೋಟಾರು ಸ್ಟ್ಯಾಂಡಿನಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ತುಮಕೂರಿನ ಬಸ್ಸು ಹೊಗೆ ಕಾರುತ್ತಾ ನಿಂತಿತ್ತು. ಸಾಹುಕಾರ ಹೊಸದಾಗಿ ಹಾಕಿಸುತ್ತಿದ್ದ ಹಿಟ್ಟಿನ ಗಿರಣಿಯ ಕಬ್ಬಿಣದ ಸಾಮಾನು ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿತ್ತು. ಜೊತೆಗೆ ಲಾಟೀನು ಗಾಜಿನದೊಂದು ಪೆಟ್ಟಿಗೆ, ಅದನ್ನು ಸಾಗಿಸಲು ನೆಟ್ಟಗೆ ನಿಲ್ಲುವ ಎರಡು ಗಾಲಿಯ ಕೈಗಾಡಿ. ಇಳಿಸಿದವರು ಹೊಲಗೇರಿಯ ಹಮಾಲಿಗಳು, ನಾವು ಐದು ಮಂದಿ.

ಅಡವಯ್ಯನಿಗೆ ಸೊಂಟ ಹಿಡಿದು ವಾರವಾಗಿತ್ತು. ಬಗ್ಗಿದರೆ ಏಳಲಾರ, ಎದ್ದರೆ ಬಗ್ಗಲಾರ. ಅವನು ಕೇಳಿದ್ದೇನು ಮಹಾ? ಕೈಕಟ್ಟಿ ನಿಂತು, "ಬುದ್ಧೀ, ಈ ದಪ್ಪ ಪೆಟ್ಗೆ ಒಂದ್ನ ಗಾಡಿ ಮ್ಯಾಲೆ ಮಡೀಕ್ಕಂಡು ತಳ್ಕಂಡೋಯ್ತೀನಿ, ಸ್ವಂಟ ನಿಲ್ತಾ ಇಲ್ಲ" ಅಂದಿದ್ದ.

"ರಬ್ಬರ್ ಗಾಲಿ ಕಣೋ ಅವು. ಈ ಲಡಾಯಿ ಕಾಲ್ದಾಗೆ ರಬ್ಬರ್ ಎಲ್ಲಿಂದ ತರಾನ, ನಿಮ್ಮಪ್ಪನ ಮನೆಯಿಂದ್ಲಾ? ಗಾಲಿ ಸವುದ್ರೆ ಇನ್ನೊಂದು ಸಿಗಾಕಿಲ್ಲ. ನಿನ್ ಸ್ವಂಟ ಹೋದ್ರೆ ನಿನ್ನಂಥೋರು ಕೇರಿ ತುಂಬ ಅವ್ರೆ."

ಬಸ್ಸಿನ ಕಂಡಕ್ಟರು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು. ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಗಾಡಿ ತಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

"ಬುದ್ಧೀ, ನಾನು ಕಬ್ಬಿಣ ಹೊರ್ತೀನಿ, ಅಡ್ವಣ್ಣ ಗಾಡಿ ತಳ್ಳಲಿ" ಎಂದೆ.

"ನೀನ್ಯಾವನೋ ಹೇಳಾಕೆ, ದೊಡ್ರಂಗ? ಗಾಡಿ ಕೇಳಿದೋನೇ ಕಬ್ಬಿಣ ಹೊರ್ಬೇಕು. ಎತ್ರೋ ಆ ಅಡವಯ್ಯನ ಬೆನ್ನಿಗೆ."

ಎತ್ತಿದರು. ಅಡವಯ್ಯ ಹಲ್ಲು ಕಚ್ಚಿ ನಡೆದ. ಮುಂದೆ ನಾನು ಗಾಡಿಯೊಂದಿಗೆ, ಹಿಂದೆ ಅವನು, ಅವನ ಹಿಂದೆ ಉಳಿದ ಮೂವರು, ಎಲ್ಲರಿಗೂ ಹಿಂದೆ ಕೊಡೆ ಹಿಡಿದು ಸಾಹುಕಾರ.

ಗಿರಣಿಗೆ ಹೋಗಬೇಕಾದರೆ ಗುಡಿಬೀದಿ ಹಾಯಲೇಬೇಕು. ಆ ಬೀದಿಯ ಕಟ್ಟಳೆ ನಮ್ಮ ಕೂಸುಗಳಿಗೂ ಗೊತ್ತು. ಬರಿಗೈಲಿ ನಮ್ಮವರು ಅಲ್ಲಿ ಕಾಲಿಡುವಂತಿಲ್ಲ. ದೊಡ್ಡವರ ಹೊರೆ ಮೈಮೇಲಿದ್ದರೆ ಮಾತ್ರ ದಾರಿ. ಆಗಲೂ ನಿಲ್ಲುವಂತಿಲ್ಲ, ಹೊರೆ ಇಳಿಸುವಂತಿಲ್ಲ. ಇಳಿಸಿದರೆ ಬೀದಿಯೇ ಮೈಲಿಗೆ, ಕೇರಿಗೆಲ್ಲ ದಂಡ.

ಬೀದಿಯ ನಡುವೆ ಅಡವಯ್ಯನ ಉಸಿರು ಕಿತ್ತು ಬರತೊಡಗಿತು. ಗುಡಿಯ ಪೂಜಾರಿ ನಂದೀಶ್ವರಯ್ಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಅಯ್ನೋರೇ, ಒಂದ್ ಗಳ್ಗೆ ಇಳುಸ್ಲಾ?"

"ಇಳ್ಸಿದ್ಯೋ, ಚರ್ಮ ಸುಲಿಸ್ಬುಡ್ತೀನಿ. ಪೂಜೆ ಹೊತ್ತು, ನಡಿ ನಡಿ."

ಕೇಳಬಾರದಿತ್ತು ಅವನು. ಕೇಳದೆ ಇಳಿಸಿಬಿಡಬೇಕಿತ್ತು. ಪಾಪದವನು, ಮತ್ತೆ ಹೆಜ್ಜೆ ಎತ್ತಿದ. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ತಿರುಗಿ ನೋಡಿದರೆ ಅಡವಯ್ಯ ಬೋರಲು ಬಿದ್ದಿದ್ದ, ಮೇಲೆ ಕಬ್ಬಿಣದ ಪೆಟ್ಟಿಗೆ.

"ಬೀದಿ ಕೆಡಿಸ್ಬುಟ್ರಲ್ಲೋ ಮುಂಡೇವಾ" ಎಂದು ಪೂಜಾರಿ ಜಗಲಿಯಿಂದ ಚಂಗನೆ ಎದ್ದರು.

ನಾನು ಓಡಿಬಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಉರುಳಿಸಿದೆ. ಉಳಿದ ಮೂವರೂ ಹೊರೆ ಹೊತ್ತೇ ನಿಂತಿದ್ದರು. ಹೊರೆ ಇಳಿಸದೆ ಬಗ್ಗುವುದು ಹೇಗೆ? ಸಾಹುಕಾರ ಬಂದವನೇ ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ತಡವಿ ನೋಡಿದ. ಅಡವಯ್ಯನ ಕಡೆ ತಿರುಗಲೂ ಇಲ್ಲ.

"ಕಾಲು ಎಲ್ಲವ್ಲಾ ರಂಗ, ಗೊತ್ತೇ ಆಯ್ತಿಲ್ಲ" ಎಂದ ಅಡವಯ್ಯ ಮಣ್ಣಿಗೆ ಬಾಯಿ ಕೊಟ್ಟುಕೊಂಡೇ.

"ಬುದ್ಧೀ, ಇವನ್ನ ಆಸ್ಪತ್ರೆಗೆ ಒಯ್ಬೇಕು. ಗಾಡಿ ಕೊಡ್ರಿ."

"ಮೊದ್ಲು ಗಾಜು ಮುಟ್ಸೋ. ಇವನ್ನ ಆಮ್ಯಾಕೆ ನಿಮ್ಮೋರು ಯಾರಾದ್ರೂ ಎಳ್ಕಂಡೋಗ್ಲಿ."

ನಾನು ಗಾಡಿಯ ಹತ್ತಿರ ಹೋದೆ. ಗಾಜಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಮಟ್ಟ ಎತ್ತಿದೆ. ಬೇಕೆಂದೇ ಬಿಟ್ಟೆ. ಒಳಗಿದ್ದ ಅಷ್ಟೂ ಗಾಜು ಪುಡಿಪುಡಿಯಾದ ಸದ್ದು ಬೀದಿಗೆಲ್ಲ ಕೇಳಿಸಿತು. ನನಗಂತೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಗಾಡಿಯನ್ನು ನೆಲಕ್ಕೆ ಮಲಗಿಸಿ ಅಡವಯ್ಯನನ್ನು ಅದರ ಮೇಲೆ ಹೊರಳಿಸಿದೆ. ಅವನದೇ ಹೊರೆ ಹಗ್ಗದಿಂದ ಎದೆಗೂ ತೊಡೆಗೂ ಸುತ್ತಿ ಕಟ್ಟತೊಡಗಿದೆ.

"ಬಿಗೀಬ್ಯಾಡ್ಲಾ. ನಾನೇನು ಮೂಟೆನಾ?"

"ಮೂಟೆ ಆಗಿದ್ರೆ ನಿನ್ನ ಇಂಗೆ ಬೀಳುಸ್ತಿರ್ನಿಲ್ಲ ಇವ್ರು. ಸುಮ್ಕಿರು."

ಸಾಹುಕಾರ ಗಾಡಿಯ ಮುಂದೆ ಅಡ್ಡ ನಿಂತ. "ಬುಡೋ ಗಾಡೀನ, ಸೂಳೇಮಗ್ನೆ. ಪೋಲೀಸ್ನೋರಿಗೆ ಹಿಡ್ಕೊಡ್ತೀನಿ. ಈ ಊರಾಗೆ ಇನ್ನೊಂದು ಮೂಟೆ ಎಂಗೆ ಎತ್ತೀಯ ನೋಡ್ತೀನಿ."

"ಕಾಲು ತಗಿ ವೃಷಭೇಂದ್ರಪ್ಪ" ಎಂದೆ. ನಮ್ಮಪ್ಪ, ನಮ್ಮ ತಾತ ಯಾರೂ ಆ ಮನೆಯವರನ್ನು ಹೆಸರು ಹಿಡಿದು ಕರೆದವರಲ್ಲ. "ತಗೀದಿದ್ರೆ ಗಾಲಿ ನಿನ್ ಕಾಲ್ ಮ್ಯಾಲೇ ಹೋಯ್ತದೆ."

ಅವನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ನಾನು ಗಾಡಿಯನ್ನು ಬಂದ ದಾರಿಗೇ ತಿರುಗಿಸಿ ಆಸ್ಪತ್ರೆಯ ಕಡೆ ತಳ್ಳಿದೆ. ಬಾಗಿಲು ಬಾಗಿಲಿಗೂ ಜನ. ಯಾರೋ ಕಲ್ಲು ಹುಡುಕುತ್ತಿದ್ದರು.

ಹಿಂದೆ ಸಾಹುಕಾರ ಚೀರಿದ. "ನೀವ್ಯಾಕ್ರೋ ನಿಂತ್ರಿ? ನಡೀರಿ ಗಿರಣಿಗೆ."

ಧಡ್ ಎಂದಿತು. ನೆಲ ನಡುಗಿದ್ದು ಗಾಡಿಯ ಹಿಡಿಯಲ್ಲಿ ನನ್ನ ಅಂಗೈಗೆ ತಿಳಿಯಿತು.

"ಏನ್ಲಾ ಅದು?" ಎಂದ ಅಡವಯ್ಯ.

"ಇಳುಸ್ತಾ ಅವ್ರೆ ಕಣಣ್ಣ. ಬೀದಿ ನಡುವೆ."

ಇನ್ನೊಂದು ಧಡ್ ಎಂದಿತು. ಮೊದಲ ಕಲ್ಲು ನನ್ನ ಭುಜ ಸವರಿಕೊಂಡು ಹೋಯಿತು. ಅಡವಯ್ಯನ ತಲೆಗೆ ತಗುಲದಂತೆ ಅವನ ಮೇಲೆ ಬಗ್ಗಿಕೊಂಡು, ಮೂರನೆಯವನೂ ಇಳಿಸುತ್ತಾನಾ ಎಂದು ಕಿವಿಗೊಟ್ಟು ಗಾಡಿ ತಳ್ಳಿದೆ.