ಗಾಳಿ ತೆಗೆದ ಕೈ

ನಾನೊಂದು ಲೇಡೀಸ್ ಸೈಕಲ್ಲು. ಹುಟ್ಟಿದ್ದು ಪಂಜಾಬಿನ ಕಡೆಯ ಯಾವುದೋ ಕಾರ್ಖಾನೆಯಲ್ಲಿ. ಆದರೆ ಅಲ್ಲಿ ನಾನು ಬರೀ ಕೊಳವೆ, ಕಡ್ಡಿ, ಚಕ್ರ. ಎಲ್ಲವನ್ನೂ ಕೂಡಿಸಿ ನನ್ನನ್ನು ಸೈಕಲ್ಲು ಮಾಡಿದ್ದು ಮೈಸೂರಿನ ಶಿವರಾಂಪೇಟೆಯ ಅಂಗಡಿಯವನು. ಹಾಗಾಗಿ ನನ್ನ ಊರು ಮೈಸೂರು ಅಂತಲೇ ಹೇಳಿಕೊಳ್ಳುತ್ತೇನೆ. ಮೈಬಣ್ಣ ನೇರಳೆ, ಮುಂದೆ ಒಂದು ಬುಟ್ಟಿ, ಬೆಲ್ಲಿನ ದನಿ ಸ್ವಲ್ಪ ಜೋರು. ಸ್ವಭಾವವೂ ಹಾಗೆಯೇ ಅಂತ ಕೆಲವರು ಅನ್ನಬಹುದು, ಅನ್ನಲಿ.

ನನ್ನನ್ನು ಕೊಂಡವರು ಬೋಗಾದಿಯ ಪುಟ್ಟಬಸವಯ್ಯನವರು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗಳು ಸುಚೇತಾ ಕಾಲೇಜಿಗೆ ಹೋಗಲಿ ಎಂದು ತಂದರು. ಕೆಲವು ವರ್ಷ ತುಳಿದಳು. ಆಮೇಲೆ ಸ್ಕೂಟಿ ಬಂತು, ಆಮೇಲೆ ಗಂಡ ಬಂದ, ಅವಳು ಹಾಸನಕ್ಕೆ ಹೋದಳು, ನಾನು ಮೆಟ್ಟಿಲ ಕೆಳಗೆ ಸೇರಿದೆ. ಅದಕ್ಕೆ ನನ್ನ ತಕರಾರಿಲ್ಲ. ಯಜಮಾನರು ಆಗಾಗ ಚೈನಿಗೆ ಎಣ್ಣೆ ಬಿಡುತ್ತಿದ್ದರು, ಆಯುಧಪೂಜೆಗೆ ಹೂ ಮುಡಿಸುತ್ತಿದ್ದರು. ಹೆಂಡತಿ ತೀರಿಕೊಂಡು, ಕೆಲಸದಿಂದ ನಿವೃತ್ತರಾದ ಮೇಲೂ ಅದನ್ನು ತಪ್ಪಿಸಲಿಲ್ಲ. ಆ ಕೈಯ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಆಗ ಬಂದವಳು ಅಲ್ಮಾಜ್, ಇಥಿಯೋಪಿಯಾದ ಹುಡುಗಿ. ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಓದಲು ಬಂದು, ನಮ್ಮ ಮಹಡಿ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಬಸ್ಸೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ. ಬೋಗಾದಿಯಿಂದ ಅವಳ ಡಿಪಾರ್ಟ್‌ಮೆಂಟಿಗೆ ನಡೆದರೆ ಕಾಲು ಬಿದ್ದುಹೋಗಬೇಕು. ಯಜಮಾನರು ನನ್ನನ್ನು ಹೊರಗೆಳೆದು ಧೂಳು ಒರೆಸಿದರು.

"ತಗೋಮ್ಮ, ನಿಂದೇ ಅಂದ್ಕೋ."

ಅವಳು ತಲೆ ಅಲ್ಲಾಡಿಸಿದಳು. ಸೈಕಲ್ಲು ತುಳಿಯಲು ಅವಳಿಗೆ ಬರುತ್ತಿರಲಿಲ್ಲ.

"ಅದೇನ್ ಬ್ರಹ್ಮವಿದ್ಯೆನಾ? ಬಾ, ನಾನ್ ಕಲಿಸ್ತೀನಿ."

ಅರವತ್ತು ದಾಟಿದ ಮನುಷ್ಯ ಪಂಚೆ ಎತ್ತಿ ಕಟ್ಟಿ, ನನ್ನ ಕ್ಯಾರಿಯರ್ ಹಿಡಿದು, ಕ್ಯಾಂಪಸ್ಸಿನ ರಸ್ತೆಯಲ್ಲಿ ಓಡಿದರು. "ಮುಂದೆ ನೋಡು! ಕೆಳಗ್ ನೋಡ್ಬೇಡ! ನಾನ್ ಹಿಡ್ಕೊಂಡಿದೀನಿ!" ವಾಕಿಂಗಿಗೆ ಬಂದವರೆಲ್ಲ ನಿಂತು ನಕ್ಕರು. ಕೈ ಬಿಟ್ಟ ಮೇಲೂ 'ಹಿಡ್ಕೊಂಡಿದೀನಿ' ಅಂತಲೇ ಕೂಗುತ್ತಿದ್ದರು. ಅದು ಕಲಿಸುವವರೆಲ್ಲ ಹೇಳುವ ಸುಳ್ಳು, ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಮೇಲಿನ ದಿನಗಳೇ ನನ್ನ ಬಾಳಿನ ಒಳ್ಳೆಯ ದಿನಗಳು. ಅವಳಿಗೆ ಮರ ಕಂಡರೆ ಬ್ರೇಕು. ಬಿದ್ದ ಎಲೆ, ಕಾಯಿ, ತೊಗಟೆ ಎಲ್ಲ ನನ್ನ ಬುಟ್ಟಿಗೆ. ಲೈಬ್ರರಿಯ ಹಿಂದಿನ ಕಾಲುದಾರಿ, ಕುಕ್ಕರಹಳ್ಳಿ ಕೆರೆಯ ಏರಿ, ಯಾವ ಕ್ಯಾಂಟೀನಿನಲ್ಲಿ ಖಾರ ಕಡಿಮೆ, ಯಾವ ಬೀದಿಯ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲವನ್ನೂ ನಾವಿಬ್ಬರೇ ಕಂಡುಕೊಂಡೆವು. ಮಕ್ಕಳು ಅವಳ ಜಡೆ ಮುಟ್ಟಲು ಬರುತ್ತಿದ್ದರು. ಅವಳು ಬಗ್ಗಿ ಕೊಡುತ್ತಿದ್ದಳು.

ಗಣೇಶನ ಹಬ್ಬದ ಹಿಂದಿನ ದಿನ, ರಸ್ತೆ ಬದಿ ಬಾಳೆಕಂಬ ಮಾರುತ್ತಿದ್ದ ಹೆಂಗಸಿನ ಮುಂದೆ ಥಟ್ಟನೆ ನಿಂತಳು. ಅವಳ ಊರಿನಲ್ಲಿ ಬಾಳೆಯಂಥದ್ದೇ ಒಂದು ಗಿಡವಿದೆಯಂತೆ. ಅದರ ಹಣ್ಣು ತಿನ್ನುವುದಿಲ್ಲ, ದಿಂಡಿನಿಂದಲೇ ಅವಳಮ್ಮ ರೊಟ್ಟಿ ಮಾಡುತ್ತಾಳಂತೆ. ಕಂಬ ಸವರುತ್ತ ಕಣ್ಣೊರೆಸಿಕೊಂಡಳು.

"ಯಾಕವ್ವ ಅಳ್ತೀಯಾ? ತಗೊಂಡೋಗು," ಎಂದು ಆ ಹೆಂಗಸು ಒಂದು ಕಂಬವನ್ನು ನನ್ನ ಬುಟ್ಟಿಗೆ ತುರುಕಿದಳು.

ಎಲ್ಲರ ಬಾಗಿಲಲ್ಲೂ ಕಟ್ಟಿದ್ದನ್ನು ನೋಡಿದ್ದ ಅಲ್ಮಾಜ್, ಯಜಮಾನರಿಗೆ ಖುಷಿಯಾಗಲಿ ಎಂದು ಅದನ್ನು ಅವರ ಬಾಗಿಲಿಗೆ ಕಟ್ಟಿದಳು. ಎರಡೂ ಬದಿಗೆ ಜೋಡಿ ಕಟ್ಟಬೇಕೆಂದು ಪಾಪ ಅವಳಿಗೇನು ಗೊತ್ತು. ಹಬ್ಬಕ್ಕೆಂದು ನಂಜನಗೂಡಿನಿಂದ ಬಂದಿಳಿದ ಯಜಮಾನರ ಅಕ್ಕ ಗೌರಮ್ಮ ಒಂಟಿ ಕಂಬ ನೋಡಿ, ಅಪಶಕುನವೆಂದು ಹೌಹಾರಿದರು.

"ಯಾರೋ ಏನೋ, ಮನೆಗೇ ಬಿಟ್ಕೊಂಡಿದೀಯಲ್ಲೋ ಪುಟ್ಟ! ಬೀದಿಯೋರು ಏನಂದ್ಕೋತಾರೆ? ಮೊದ್ಲು ಖಾಲಿ ಮಾಡ್ಸು."

"ಮುಖ ನೋಡ್ಕೊಂಡು ಹೆಂಗ್ ಹೇಳ್ಲಿ ಅಕ್ಕ? ಓಡಾಡೋದು ಕಷ್ಟ ಆದ್ರೆ ಅವ್ಳೇ ಹಾಸ್ಟೆಲ್ ನೋಡ್ಕೋತಾಳೆ, ಬಿಡು."

ಆ ಮಾತು ಕೇಳಿಯೂ ನನಗೆ ಹೊಳೆಯಲಿಲ್ಲ. ಹಬ್ಬ ಮುಗಿದ ಬೆಳಿಗ್ಗೆ ಅವರು ನನ್ನ ಬಳಿ ಕುಕ್ಕರಗಾಲಲ್ಲಿ ಕೂತಾಗ ಎಣ್ಣೆ ಬಿಡಲು ಬಂದರೆಂದೇ ತಿಳಿದೆ. ಅವರು ಹಿಂದಿನ ಚಕ್ರದ ವಾಲ್ವು ಸಡಿಲಿಸಿ ಗಾಳಿಯನ್ನೆಲ್ಲ ಬಿಟ್ಟರು. ಸದ್ದಾಗದಿರಲಿ ಎಂದು ಮೇಲೆ ಟವೆಲ್ಲು ಒತ್ತಿ ಹಿಡಿದಿದ್ದರು.

"ಪಂಚರ್ ಇರ್ಬೇಕಮ್ಮ," ಎಂದರು ಅಲ್ಮಾಜ್ ಇಳಿದು ಬಂದಾಗ. ಅವಳು ನನ್ನನ್ನು ತಳ್ಳಿಕೊಂಡು ಅಂಗಡಿಗೆ ಹೋದಳು. ಪಂಚರ್ ಇಲ್ಲ, ಯಾರೋ ಗಾಳಿ ಬಿಟ್ಟಿದ್ದಾರೆ ಅಂದ ಅಂಗಡಿಯವನು. ಮರುದಿನವೂ ಅದೇ ಕಥೆ. "ಈ ಬೀದಿ ಹುಡುಗ್ರೇ ಹಿಂಗೆ, ಕಿಡಿಗೇಡಿಗಳು," ಎಂದರು ಯಜಮಾನರು. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಸ್ವಲ್ಪ ಸೈಕಲ್ಲಿನ ಮೇಲೆ ಕಣ್ಣಿಡಿ ಎಂದು ಅವರನ್ನೇ ಬೇಡಿಕೊಂಡಳು. "ನೋಡ್ಕೋತೀನಮ್ಮ," ಎಂದರಲ್ಲ, ನನ್ನ ಮೈಯೆಲ್ಲ ಉರಿದುಹೋಯಿತು! ಬಾಯಿಲ್ಲದ ನನ್ನನ್ನು ಅವಳ ವಿರುದ್ಧ ಬಳಸಿಕೊಂಡರು. ಅವರಿಗಿಂತ ಹೆಚ್ಚಾಗಿ ನನಗೆ ನಾಚಿಕೆಯಾಯಿತು.

ಲ್ಯಾಬಿಗೆ ತಡವಾಗಿ ಹೋಗಿ ಬೈಸಿಕೊಂಡಳು. ಆದರೂ ಮನೆ ಬಿಡುವ ಯೋಚನೆ ಮಾಡಲಿಲ್ಲ. ಒಂದು ಪಂಪು ಕೊಂಡು ನನ್ನ ಬುಟ್ಟಿಯಲ್ಲಿಟ್ಟುಕೊಂಡಳು. ದಿನಾ ಗಾಳಿ ತುಂಬುವುದು, ದಿನಾ ಅದು ಹೋಗುವುದು.

ಪರೀಕ್ಷೆಯ ದಿನ ಬೇಗ ಇಳಿದು ಬಂದಳು. ಯಜಮಾನರು ಚಕ್ರದ ಮುಂದೆ ಕೂತಿದ್ದರು. ಟವೆಲ್ಲು ಜಾರಿ ಗಾಳಿ ಬುಸ್ಸೆನ್ನುತ್ತಿತ್ತು.

"ಗಾಳಿ ಐತಾ ಅಂತ ನೋಡ್ತಿದ್ದೆ," ಎಂದರು.

ಅವಳು ಬಗ್ಗಿ ವಾಲ್ವನ್ನು ತಾನೇ ಬಿಗಿದಳು. ಆಮೇಲೆ ತನಗೆ ಬಂದಷ್ಟು ಕನ್ನಡದಲ್ಲಿ ಕೇಳಿದಳು. "ಅಂಕಲ್, 'ಹೋಗು' ಹೇಳಿ. ನಾನು ಹೋಗ್ತೀನಿ."

"ಛೆ ಛೆ, ಹಂಗೇನಿಲ್ಲಮ್ಮ. ಕಾಫಿ ಕುಡೀತೀಯಾ?"

ಆಗಲೂ ಹೇಳಲಿಲ್ಲ. ಅವಳು ಪಂಪನ್ನು ಮೆಟ್ಟಿಲ ಮೇಲಿಟ್ಟು ನಡೆದೇ ಹೋದಳು. ಅದೇ ವಾರ ಹಾಸ್ಟೆಲಿಗೆ ಹೊರಟಳು. ಹೋಗುವಾಗ ನನ್ನ ಸೀಟನ್ನು ಒಮ್ಮೆ ತಟ್ಟಿದಳು, ಅವರ ಕಡೆ ನೋಡಲಿಲ್ಲ.

ಈಗ ನಾನು ಮತ್ತೆ ಮೆಟ್ಟಿಲ ಕೆಳಗೆ. ರಿಮ್ಮಿಗೆ ತುಕ್ಕು ಹಿಡಿದಿದೆ. ಯಜಮಾನರು ಈಗಲೂ ಎಣ್ಣೆ ಬಿಡುತ್ತಾರೆ. ಅವರು ಮುಟ್ಟಿದರೆ ನನಗೆ ಹಿಡಿಸುವುದಿಲ್ಲ. ಕೆಟ್ಟವರು ಮೋಸ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ ಅನ್ನಿಸುತ್ತದೆ.

ಮೊನ್ನೆ ಒಂದು ಭಾನುವಾರ ಅಲ್ಮಾಜ್ ನಮ್ಮ ಬೀದಿಯಲ್ಲೇ ಹಾದುಹೋದಳು, ಬೇರೆ ಸೈಕಲ್ಲಿನ ಮೇಲೆ. ಯಜಮಾನರು ಗೇಟಿಗೆ ಓಡಿದರು.

"ಬಾಮ್ಮ ಒಳಗೆ, ತಿಂಡಿ ತಿನ್ಕೊಂಡು ಹೋಗು!"

ಅವಳು ಒಂದು ಕಾಲೂರಿ ನಿಂತು, ಬಾಯ್ತುಂಬ ನಕ್ಕಳು. "ಇನ್ನೊಂದ್ ದಿನ ಖಂಡಿತ ಬರ್ತೀನಿ ಅಂಕಲ್."

ತುಳಿದುಕೊಂಡು ಹೋಗೇಬಿಟ್ಟಳು. "ಎಷ್ಟ್ ಚೆನ್ನಾಗ್ ಕನ್ನಡ ಕಲ್ತವ್ಳೆ ನೋಡ್ರಿ!" ಎಂದು ಯಜಮಾನರು ಪಕ್ಕದ ಮನೆಯವರಿಗೆ ಹೇಳಿ ಹಿಗ್ಗಿದರು. ಅವಳು ಇನ್ನೆಂದೂ ಬರುವುದಿಲ್ಲ ಎಂದು ಹೇಳಿ ಹೋದದ್ದು ಅವರಿಗೆ ತಿಳಿಯಲಿಲ್ಲ. ಹಾಗೆ ಹೇಳುವುದನ್ನು ಅವಳು ಯಾರಿಂದ ಕಲಿತಳೆಂಬುದೂ ತಿಳಿಯಲಿಲ್ಲ.